ಲಸಿಕೆ ಹೆಚ್ಚಿದೆ

ನಾನು ನರ್ಸ್ ಆಗಿದ್ದ ಕ್ಲಿನಿಕ್ಕು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಸಣ್ಣ ಊರಿನಲ್ಲಿತ್ತು. ಊರಾಚೆ ಸೇನೆಯ ಶಿಬಿರ. ಸೈನಿಕರು ಶಾಂತಿಪಾಲನೆಗೆಂದು ಪೂರ್ವ ತಿಮೋರ್ ಕಡೆಗೆ ಹೋಗಿಬರುತ್ತಿದ್ದ ವರ್ಷಗಳವು. ಅವರ ಮಂಡಿನೋವು, ಬೆನ್ನುನೋವು, ಹೊರಡುವ ಮೊದಲಿನ ತಪಾಸಣೆ, ಚುಚ್ಚುಮದ್ದು ಎಲ್ಲವೂ ನಮ್ಮಲ್ಲೇ. ಸರ್ಕಾರದ ಆ ಗುತ್ತಿಗೆ ನಮ್ಮ ಡಾಕ್ಟರ ಕೈಯಲ್ಲಿ ಎಷ್ಟು ಕಾಲದಿಂದ ಇತ್ತೆಂದರೆ, ಅದು ಇನ್ನೊಬ್ಬರಿಗೆ ಹೋಗಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಸ ಟೆಂಡರ್ ಕರೆದರು, ಒಂದು ತಂಡ ಬಂದು ಕ್ಲಿನಿಕ್ ನೋಡಿಕೊಂಡು ಹೋಯಿತು, ಎರಡು ತಿಂಗಳಿಗೆ ಗುತ್ತಿಗೆ ಆಕ್ಲೆಂಡಿನ ಒಂದು ದೊಡ್ಡ ಕಂಪನಿಯ ಪಾಲಾಯಿತು. ನನ್ನ ಕೆಲಸ ನಿಂತಿದ್ದದ್ದೇ ಆ ಸೈನಿಕರ ಮೇಲೆ.

ಡಾಕ್ಟರು ಅರವತ್ತು ದಾಟಿದ ಮನುಷ್ಯ, ಚಳಿಗಾಲದಲ್ಲೂ ಚಡ್ಡಿ ಹಾಕಿಕೊಂಡೇ ಬರುತ್ತಿದ್ದರು. ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ನನಗೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ, ಡಾಕ್ಟರ್ ಅಂತಲೇ ಕರೆಯುತ್ತಿದ್ದೆ. ಗುತ್ತಿಗೆ ಹೋದ ಸುದ್ದಿ ಓದಿ "ಸ್ವಲ್ಪ ಬೇಜಾರಾಯ್ತು" ಎಂದರು, ಹೋಗಿ ಚಹಾ ಮಾಡಿಕೊಂಡರು. ಅಷ್ಟೇ. ನಮ್ಮ ಕಡೆ ಆಗಿದ್ದರೆ ಅಷ್ಟು ಹೊತ್ತಿಗೆ ಆ ಕಂಪನಿಯ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದೆವು. ಈ ಜನಕ್ಕೆ ದುಃಖವೇ ಆಗುವುದಿಲ್ಲವೋ, ಆದದ್ದು ನಮಗೆ ಕಾಣುವುದಿಲ್ಲವೋ ತಿಳಿಯಲಿಲ್ಲ. ಅದೇ ಮನುಷ್ಯ ಮುಂದಿನ ವಾರ ವಕೀಲರನ್ನು ಹಿಡಿದು, ಆ ಆಯ್ಕೆಯನ್ನೇ ಪ್ರಶ್ನಿಸಿ ಸರ್ಕಾರಕ್ಕೆ ಬರೆದದ್ದು ನೋಡಿ ನನ್ನ ತಲೆ ಇನ್ನಷ್ಟು ಕೆಟ್ಟಿತು.

ನಮಗೆ ಏಕೆ ಕೊಡಲಿಲ್ಲ ಎಂದು ಕೇಳಿದ್ದಕ್ಕೆ ನಾಲ್ಕು ಪುಟದ ಉತ್ತರ ಬಂತು. ಗೋಪ್ಯವೆಂದು ಅರ್ಧ ಸಾಲುಗಳಿಗೆ ಕಪ್ಪು ಬಳಿದಿತ್ತು. ಉಳಿದದ್ದರಲ್ಲಿ ಒಂದು ಕಡೆ ಡಾಕ್ಟರು ಕೆಂಪು ಗೆರೆ ಎಳೆದಿದ್ದರು. ತಂಡ ಬಂದ ದಿನ ಹೆಪಟೈಟಿಸ್ ಲಸಿಕೆ ಎಷ್ಟಿದೆ ಎಂದು ವಿಚಾರಿಸಿದಾಗ ಸಿಬ್ಬಂದಿ ರಾಶಿ ಇದೆ ಎಂದರು, ಫ್ರಿಜ್ ತೆಗೆದು ನೋಡಿದರೆ ಒಂದೂ ಇರಲಿಲ್ಲ, ಆದ್ದರಿಂದ ಈ ಕ್ಲಿನಿಕ್ ಕೊಡುವ ಮಾಹಿತಿಯನ್ನು ನಂಬುವಂತಿಲ್ಲ ಎಂಬುದು ಅದರ ಸಾರಾಂಶ.

"ನನ್ನ ಕ್ಲಿನಿಕ್ಕಿನಲ್ಲಿ ಸುಳ್ಳು ಹೇಳೋರು ಯಾರೂ ಇಲ್ಲ," ಎಂದರು ಡಾಕ್ಟರು. "ಇದು ಅವರೇ ಕಟ್ಟಿದ ಮಾತು. ಇದನ್ನೇ ಹಿಡಿದು ಹೋಗೋಣ."

ಲಸಿಕೆ ನೋಡಿಕೊಳ್ಳುವವಳು ನಾನು. ಹಾಗೆ ಯಾರೂ ಹೇಳಲಿಲ್ಲ ಎಂದು ಅಫಿಡವಿಟ್ಟಿಗೆ ನಾನು ಸಹಿ ಹಾಕಬೇಕಿತ್ತು. ಖುಷಿಯಿಂದಲೇ ಒಪ್ಪಿದೆ. ತಂಡ ಬಂದ ದಿನ ಬೆಳಗ್ಗೆಯಷ್ಟೇ ಒಂದು ದಂಡು ಸೈನಿಕರಿಗೆ ಚುಚ್ಚಿ ಲಸಿಕೆ ಮುಗಿದಿತ್ತು, ಹೊಸದು ಮರುದಿನ ಬರುವುದಿತ್ತು. ಇದರಲ್ಲಿ ಮುಚ್ಚಿಡುವಂಥದ್ದು ಏನಿತ್ತು? ಖಾಲಿಯಾಗಿದೆ, ನಾಳೆ ಬರುತ್ತದೆ ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರಾಶಿ ಇದೆ ಎಂದು ನಾವು ಯಾಕೆ ಹೇಳುತ್ತೇವೆ?

ಸಹಿಗೆ ಇನ್ನೂ ಎರಡು ದಿನ ಇರುವಾಗ, ಊಟದ ಹೊತ್ತಿನಲ್ಲಿ ರಿಸೆಪ್ಷನ್ನಿನವಳ ಹತ್ತಿರ ಈ ಮಾತು ಎತ್ತಿದೆ. ಅವಳು ಬೆಂಗಳೂರಿನಿಂದ ಮೂರು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಬಂದವಳು. ನನಗಿಂತ ಆರೇ ವರ್ಷ ಚಿಕ್ಕವಳಾದರೂ ಮೊದಲ ದಿನವೇ ನನ್ನನ್ನು ಆಂಟಿ ಮಾಡಿ ಕೂರಿಸಿದ್ದಳು. ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಆಡುವಾಗ ಅರ್ಧಕ್ಕರ್ಧ ಇಂಗ್ಲಿಷ್. ಕ್ಲಿನಿಕ್ಕಿನೊಳಗಿನ ಫೋನಿನಲ್ಲಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದೆವು, ಅದು ನಮ್ಮದೊಂದು ಸಣ್ಣ ಸುಖ.

"ಆಂಟಿ, ಬಟ್ ನೀವೇ ಹೇಳಿದ್ರಲ್ಲ," ಎಂದಳು.

"ನಾನೇನೇ ಹೇಳ್ದೆ?"

"ಆ ಟೀಮಿನ ಲೇಡಿ ಡೆಸ್ಕ್ ಹತ್ರ ನಿಂತು ಕೇಳಿದ್ರು. ನಾನು ನಿಮ್ಗೆ ಫೋನ್ ಮಾಡಿ ಹೆಪಟೈಟಿಸ್ ವ್ಯಾಕ್ಸಿನ್ ಇದ್ಯಾ ಅಂದೆ. ಹೆಚ್ಚಿದೆ ಕಣೇ ಅಂದ್ರಿ. ಸೋ, ನಾನು ಹೀಪ್ಸ್ ಅಂದೆ."

ಹೀಪ್ಸ್ ಎಂದರೆ ಇಲ್ಲಿಯವರ ಬಾಯಲ್ಲಿ ರಾಶಿ ರಾಶಿ. ನನ್ನ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು.

ನಮ್ಮ ಮೈಸೂರಿನ ಮನೆಯಲ್ಲಿ ಅಕ್ಕಿ ಮುಗಿದರೆ ಅಮ್ಮ ಮುಗಿಯಿತು ಎನ್ನುತ್ತಿರಲಿಲ್ಲ, "ಅಕ್ಕಿ ಹೆಚ್ಚಿದೆ, ತಗೊಂಬಾ" ಎನ್ನುತ್ತಿದ್ದಳು. ಬಳೆ ಒಡೆದರೂ ಹೆಚ್ಚುತ್ತಿತ್ತು. ದೀಪ ಆರಿಸು ಎಂದರೆ ತಲೆಗೆ ಮೊಟಕುತ್ತಿದ್ದಳು, ದೊಡ್ಡದು ಮಾಡು ಅನ್ನಬೇಕು. ಮನೆಯ ಪದಾರ್ಥವನ್ನು ಇಲ್ಲ ಎಂದರೆ ಮೇಲಿರುವ ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂಬ ಭಯ. ಆ ಮಾತು ನನ್ನ ಬಾಯಿಗೆ ಎಷ್ಟು ಅಂಟಿತ್ತೆಂದರೆ ಸೇನೆಯ ಲಸಿಕೆಯನ್ನೂ ಅಕ್ಕಿಯ ಸಾಲಿಗೆ ಸೇರಿಸಿಬಿಟ್ಟಿದ್ದೆ. ಅವಳಿಗೋ ಈ ಪಾಠ ಯಾರೂ ಹೇಳಿರಲಿಲ್ಲ, ಹೆಚ್ಚು ಎಂದರೆ ಹೆಚ್ಚು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಾಪಿ ಬರೆದು ಬರೆದು ಕೈ ಸೋತಿತ್ತು. ಅರ್ಥವಾದದ್ದು ಆ ಮಧ್ಯಾಹ್ನ.

ಹಾಗಾದರೆ ಸುಳ್ಳು ಹೇಳಿದ್ದು ಯಾರು? ನಾನು ಹೇಳಿದ್ದು ನಿಜ. ಅವಳು ಕೇಳಿಸಿಕೊಂಡದ್ದನ್ನೇ ಹೇಳಿದಳು. ತಂಡದ ಹೆಂಗಸು ಕಂಡದ್ದನ್ನು ಬರೆದಳು. ಮೂವರೂ ಸರಿ, ಫ್ರಿಜ್ ಮಾತ್ರ ಖಾಲಿ. ಸಹಿ ಹಾಕಿದರೆ ಆಣೆ ಇಟ್ಟು ಸುಳ್ಳು ಹೇಳಿದಂತೆ. ಹಾಕದಿದ್ದರೆ ಡಾಕ್ಟರ ತಕರಾರು ಬಿದ್ದುಹೋಗುತ್ತದೆ, ಅದರ ಹಿಂದೆಯೇ ನನ್ನ ಕೆಲಸ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರಾಶಿ ಇದೆ ಎಂದು ನಾನಂತೂ ಹೇಳಿಲ್ಲವಲ್ಲ, ಹಾಕಿಬಿಟ್ಟರೇನು ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಮರುದಿನ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂದರೆ ನಿಮ್ಮ ಭಾಷೆಯಲ್ಲಿ ಹೆಚ್ಚಿದೆ ಅಂದರೆ ಮುಗಿದಿದೆ ಅಂತಲಾ?"

"ಹೌದು."

"ಯಾವಾಗಲೂ?"

"ಯಾವಾಗಲೂ ಅಲ್ಲ. ಕೆಲವು ಸಲ ನಿಜವಾಗಲೂ ಹೆಚ್ಚಿರುತ್ತೆ."

"ಹಾಗಾದರೆ ಕೇಳಿದವರಿಗೆ ಗೊತ್ತಾಗೋದು ಹೇಗೆ?"

"ಮುಚ್ಚಳ ತೆಗೆದು ನೋಡಬೇಕು," ಎಂದೆ.

"ಅವರೂ ಅದನ್ನೇ ಮಾಡಿದರು," ಎಂದರು ಡಾಕ್ಟರು.

ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಎದ್ದು ಹೋಗಿ ಎರಡು ಕಪ್ ಚಹಾ ಮಾಡಿಕೊಂಡು ಬಂದರು, ನನ್ನದಕ್ಕೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದ್ದರು. ಆಮೇಲೆ ವಕೀಲರಿಗೆ ಹೇಳಿ, ತಂಡ ಸುಳ್ಳು ಬರೆದಿದೆ ಎಂಬ ಮಾತನ್ನು ಹೊಡೆಸಿ, ಅಕ್ಕಿ, ಬಳೆ, ದೀಪದ ಸಮೇತ ನಡೆದದ್ದನ್ನು ಬರೆಸಿದರು. ಇದು ಅವರ ಮಾತನ್ನು ನಾವೇ ಒಪ್ಪಿಕೊಂಡಂತೆ ಎಂದು ವಕೀಲರು ಎಚ್ಚರಿಸಿದರು. "ನಡೆದದ್ದು ಅದೇ ತಾನೇ," ಎಂದರು ಡಾಕ್ಟರು. ಆ ಕಾಗದಕ್ಕೆ ನಾನು ಸಹಿ ಹಾಕಿದೆ.

ವಿವರಣೆಯನ್ನು ಗಮನಿಸಲಾಗಿದೆ, ತೀರ್ಮಾನದಲ್ಲಿ ಬದಲಾವಣೆ ಇಲ್ಲ ಎಂದು ಉತ್ತರ ಬಂತು. ನನ್ನ ಒಂದು ಮಾತಿನಿಂದ ಗುತ್ತಿಗೆ ಹೋಯಿತೋ, ಆ ಕಪ್ಪು ಬಳಿದ ಸಾಲುಗಳ ಕೆಳಗೆ ಬೇರೆ ಕಾರಣವಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಸೈನಿಕರು ಬರುವುದು ನಿಂತಿತು. ಎರಡು ತಿಂಗಳಾದ ಮೇಲೆ ನನ್ನ ಕೆಲಸವೂ ನಿಂತಿತು.

ಆ ಭಾನುವಾರ ಅಮ್ಮನ ಫೋನ್ ಬಂತು. "ಕೆಲ್ಸ ಹೇಗಿದ್ಯೇ?" ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಹೆಚ್ಚಿದೆ ಅಮ್ಮಾ," ಎಂದೆ.

"ಆಗ್ಲಿ ಬಿಡು, ಒಳ್ಳೇದೇ ಆಯ್ತು. ಹೊತ್ತುಹೊತ್ತಿಗೆ ಊಟ ಮಾಡು," ಎಂದಳು. ಯಾವ ಅರ್ಥದಲ್ಲಿ ಕೇಳಿಸಿಕೊಂಡಳೋ. ವಿಚಾರಿಸಲು ನನಗೆ ಧೈರ್ಯವಾಗಲಿಲ್ಲ.