ನಂಜತ್ತೆಯ ಪರದೇಶ

ತಿರುಪಿನ ಮುಚ್ಚಳದ ಹಿತ್ತಾಳೆ ಕೂಜವನ್ನು ನೀವು ಕಂಡಿದ್ದೀರೋ ಇಲ್ಲವೋ ನನಗೆ ತಿಳಿಯದು. ಪ್ಲಾಸ್ಟಿಕ್ ಬಾಟಲಿಗಳು ಹುಟ್ಟುವುದಕ್ಕೆ ಬಹಳ ಮುಂಚೆ, ರೈಲು ಹತ್ತುವ ಸಂಸಾರಸ್ಥರ ಕೈಯಲ್ಲಿ ಎಳೆಮಗುವಿಗಿಂತ ಜೋಪಾನವಾಗಿ ತೂಗಾಡುತ್ತಿದ್ದ ವಸ್ತು ಅದು. ಹೊಳೆನರಸೀಪುರದ ನಮ್ಮ ಮನೆಯ ಕೂಜಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ನನ್ನ ಅಜ್ಜಿ ಹೇಮಾವತಿ ಹೊಳೆಯ ನೀರಿನಿಂದ ತುಂಬಿಸಿ, ಕೊರಳಿಗೆ ಒದ್ದೆ ಬಟ್ಟೆ ಸುತ್ತಿ, ಲಂಕೆಗೆ ಹೊರಟಳು. ಲಂಕೆಯಲ್ಲಿ ನೀರಿಲ್ಲವೆಂದಲ್ಲ, ಊರು ಬದಲಾದರೂ ಆದೀತು, ನೀರು ಬದಲಾಗಕೂಡದು ಎಂಬುದು ಆಕೆಯ ಖಚಿತವಾದ ವೈದ್ಯಶಾಸ್ತ್ರ. ಸಮುದ್ರ ದಾಟುವುದಕ್ಕೆ ಒಂದು ಕೂಜ ನೀರು ಸಾಕೆಂದು ನಂಬಿದ ಆ ಧೈರ್ಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ಆ ಧೈರ್ಯದ ಮಡಿಕೆಯೊಳಗೆ ಎಷ್ಟು ಭಯವನ್ನು ಮಡಚಿಟ್ಟಿದ್ದಳೆಂದು ನೆನೆದರೆ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಈಗಿನವರು ವಿದೇಶಕ್ಕೆ ಹೊರಡುವಾಗ ಬಣ್ಣಬಣ್ಣದ ಬ್ರೋಷರುಗಳನ್ನು ಹರಡಿಕೊಂಡು ಕೂತು, ಯಾವ ಟೂರು ಅಗ್ಗ, ಯಾವುದರಲ್ಲಿ ನಮ್ಮ ಊಟ ಸಿಗುತ್ತದೆ, ಜೊತೆಗೆ ಬರುವವನಿಗೆ ಕನ್ನಡ ಬರುತ್ತದೆಯೇ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಇದೆಲ್ಲ ತಮ್ಮ ಕಾಲದಲ್ಲೇ ಹುಟ್ಟಿದ್ದೆಂಬ ಭಾವನೆ ಬೇರೆ. ಸ್ನೇಹಿತರೇ, ‘ಕಂಡಕ್ಟೆಡ್ ಟೂರ್’ ಎಂಬ ಮಾತು ನಮ್ಮ ಕಿವಿಗೆ ಬೀಳುವುದಕ್ಕೆ ಮೊದಲೇ, ಯುರೋಪಿನ ಯುದ್ಧ ಇನ್ನೂ ಪತ್ರಿಕೆಯ ಮೂಲೆಯಲ್ಲಿ ಗೊಣಗುತ್ತಿದ್ದ ಕಾಲದಲ್ಲಿ, ನಮ್ಮೂರ ಬೆಲ್ಲದ ಮಂಡಿಯ ಮಾದಪ್ಪನವರು ಅದನ್ನು ನಡೆಸುತ್ತಿದ್ದರು. ಆಲೆಮನೆಗಳ ಬೆಂಕಿ ಆರಿದ ಮೇಲೆ ಪ್ರತಿ ವರ್ಷವೂ ಅವರು ಒಂದು ತಂಡ ಕಟ್ಟುವರು. ಮೂರನೇ ಕ್ಲಾಸಿನ ರೈಲು, ಇಳಿದಲ್ಲಿ ಛತ್ರ, ಜೊತೆಗೆ ಕಟ್ಟಾಯದ ಅಡುಗೆಯವನು ಈರಣ್ಣ, ಅವನ ಹಿಂದೆ ರಾಗಿಹಿಟ್ಟಿನ ಮೂಟೆ. ಅಗ್ಗವೆಂದರೆ ಇಷ್ಟೆ: ಮನೆಯಲ್ಲಿ ಬದುಕುವ ಹಾಗೆಯೇ ದಾರಿಯಲ್ಲೂ ಬದುಕುವುದು. ಬ್ರೋಷರು ಅಚ್ಚು ಹಾಕಿಸುವ ಗೋಜಿಗೆ ಅವರು ಹೋದವರಲ್ಲ. ಅವರೊಡನೆ ಹೋಗಿದ್ದ ಮುದುಕ ಮುದುಕಿಯರು ಅಷ್ಟೂ ಜನ ಜೀವಸಹಿತ ಹಿಂತಿರುಗಿ ಬಂದು ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದರಲ್ಲ, ಅದಕ್ಕಿಂತ ಮೇಲಾದ ಅಡ್ವರ್ಟೈಸ್‌ಮೆಂಟ್ ಇನ್ನಾವುದಿದ್ದೀತು?

ಆ ವರ್ಷ ಮಾದಪ್ಪನವರು ರಾಮೇಶ್ವರದಿಂದ ಇನ್ನೊಂದು ಹೆಜ್ಜೆ ಮುಂದೆ ಹಾಕಿ, ಲಂಕೆಯನ್ನೂ ತೋರಿಸುವುದಾಗಿ ಸಾರಿದರು. ಅರಕಲಗೂಡಿನಿಂದ, ಹಾಸನದಿಂದ ಸಂಸಾರಗಳು ಒಪ್ಪಿಕೊಂಡವು. ನಮ್ಮಜ್ಜಿ ಒಪ್ಪಿದ್ದಕ್ಕೆ ಭಕ್ತಿಗಿಂತ ಬಲವಾದ ಕಾರಣವಿತ್ತು. ಚನ್ನರಾಯಪಟ್ಟಣದಲ್ಲಿದ್ದ ಆಕೆಯ ವಾರಗಿತ್ತಿ ಕಾಶಿಗೆ ಹೋಗಿ ಬಂದಾಗಿನಿಂದ ನಮ್ಮ ಮನೆಯ ಮಜ್ಜಿಗೆಯನ್ನು ಕೂಡ ಮೂಗು ಮುರಿದೇ ಕುಡಿಯುತ್ತಿದ್ದಳು. ಕಾಶಿಗೆ ಹೋದರೆ ಅವಳಿಗೆ ಸಮವಾದೇವು, ಅಷ್ಟೆ, ಲಂಕೆಯಾದರೆ ಹಾಗಲ್ಲ.

“ಎದರ್ಕೋಬ್ಯಾಡಿ ಅವ್ವಾರೆ, ಸಮುದ್ರ ಅಂದ್ರೆ ನಮ್ಮ ಒಳೆಗಿಂತ ವಸಿ ಅಗ್ಲ, ಅಷ್ಟೇಯ,” ಎಂದರು ಮಾದಪ್ಪನವರು ಜಗಲಿಯ ಮೇಲೆ ಕೂತು.

“ಆಂಜನೇಯ ಆರ್ಕೊಂಡೋದ ಸಮುದ್ರ ಕಣಪ್ಪಾ ಅದು,” ಅಂದಳು ಅಜ್ಜಿ.

“ಅವನ್ಗೆ ಟಿಕೀಟು ಕೊಡೋರಿರ್ಲಿಲ್ಲ ಕಣ್ರವ್ವ. ನಮ್ಗೆ ಕೊಡ್ತಾರೆ.”

ತಂಡದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಉದ್ಯೋಗವಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದ ನನ್ನನ್ನು ಸೇರಿಸಿಕೊಂಡದ್ದು ಇಂಗ್ಲಿಷಿಗಾಗಿ. ದೊರೆಗಳು ಅಡ್ಡ ಬಂದರೆ ನಾನು ಮಾತಾಡಬೇಕು. ನಂಜತ್ತೆಯನ್ನು ಸೇರಿಸಿಕೊಂಡದ್ದು ಅಜ್ಜಿಯ ಕಾಲು ಒತ್ತುವುದಕ್ಕೆ, ಕೂಜ ಹೊರುವುದಕ್ಕೆ.

ನಂಜತ್ತೆ ನಮ್ಮಜ್ಜಿಯ ತಂಗಿಯ ಮಗಳು. ಪ್ಲೇಗಿನಲ್ಲಿ ತಂದೆತಾಯಿ ಇಬ್ಬರೂ ಹೋದಾಗ ಯಾರೋ ಗಾಡಿಯಲ್ಲಿ ಕರೆತಂದು ನಮ್ಮ ಹೊಸಲಿನ ಮುಂದೆ ಇಳಿಸಿದ್ದರಂತೆ. ಮುಂದೆ ಗೊರೂರಿಗೆ ಮದುವೆ ಮಾಡಿಕೊಟ್ಟರು. ವರ್ಷ ತುಂಬುವುದರೊಳಗೆ ಕುಂಕುಮ ಅಳಿಸಿಕೊಂಡು ಅದೇ ಹೊಸಲಿಗೆ ಬಂದಳು. ಮನೆಗೆ ಬಂದವರು ಇವಳಾರೆಂದು ಕೇಳಿದರೆ ಅಜ್ಜಿ ತಟ್ಟೆಂದು ಹೇಳುತ್ತಿದ್ದ ಉತ್ತರ ಒಂದೇ: “ನಮ್ ತಂಗಿ ಮಗ್ಳು, ಪರದೇಶಿ.” ಅದರಲ್ಲಿ ಸಿಟ್ಟಿರಲಿಲ್ಲ, ಎಮ್ಮೆಯ ಬಣ್ಣ ಕಪ್ಪೆಂದು ಹೇಳುವಷ್ಟೇ ನಿರ್ವಿಕಾರವಾಗಿ ಹೇಳುತ್ತಿದ್ದಳು. ಕಾನ್ವೆಂಟಿನಲ್ಲಿ ನಮಗೆ ‘ಫಾರಿನರ್’ ಬೇರೆ, ‘ಆರ್ಫನ್’ ಬೇರೆ. ಎರಡಕ್ಕೂ ಬೇರೆ ಬೇರೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಿದ್ದರು. ನಮ್ಮ ಕನ್ನಡ ಮಾತ್ರ ಹೊರನಾಡಿನವನನ್ನೂ ದಿಕ್ಕಿಲ್ಲದವಳನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದೆ. ತನ್ನವರಿಲ್ಲದ ನೆಲವೆಲ್ಲ ಪರದೇಶವೇ ಎಂದು ನಮ್ಮ ಹಿರಿಯರು ಭಾವಿಸಿದ್ದರೆಂದು ತೋರುತ್ತದೆ. ಹಾಗಾದರೆ ಹೊಳೆನರಸೀಪುರದ ನಟ್ಟನಡುವೆ ಕೂತೂ ಒಬ್ಬಳು ಪರದೇಶದಲ್ಲಿರಬಹುದು.

ಹೊರಡುವ ಮುನ್ನ ಒಂದು ಮಧ್ಯಾಹ್ನ ನಂಜತ್ತೆ ನನ್ನ ಸ್ಕೂಲಿನ ಅಟ್ಲಾಸು ಕೇಳಿದಳು. ಲಂಕೆಯನ್ನು ತೋರಿಸಿದೆ. ಹಿಟ್ಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿ, ದ್ವೀಪದ ಮೇಲಿಟ್ಟಳು.

“ಎಣ್ಣೆ ತೊಟ್ಟು ಬಿದ್ದಂಗದೆ ಮಗಾ. ಇದ್ರೊಳ್ಗೆ ಊರೂ ಅದಾ?”

“ಊರು, ರೈಲು, ಬೆಟ್ಟ, ಎಲ್ಲ ಅದೆ ಅತ್ತೆ.”

“ನಾ ಇದುವರ್ಗೂ ಎಲ್ಗೂ ಓಗಿಲ್ಲ ಕಣೇ. ಎಲ್ಲಾ ಕಡೆಗೂ ಕಳ್ಸವ್ರೆ, ಅಷ್ಟೆ. ಇದೊಂದ್ಕೆ ನಾನೇ ಓಗ್ಬೇಕು.”

ಕಳಿಸುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ ಆ ವಯಸ್ಸಿನಲ್ಲಿ ನನಗೆ ಪೂರ್ತಿ ಹೊಳೆಯಲಿಲ್ಲ. ಆದರೆ ಆಕೆ ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪ್ರಯಾಣದ ಸಣ್ಣಪುಟ್ಟ ಪುರಾಣವನ್ನೆಲ್ಲ ಇಲ್ಲಿ ಬಿಚ್ಚುವುದಿಲ್ಲ. ಕೂಜದ ನೀರು ತಿರುಚಿನಾಪಳ್ಳಿಗೆ ಮುಂಚೆಯೇ ಮುಗಿಯಿತು. ಅಜ್ಜಿಗೆ ಏನೂ ಆಗಲಿಲ್ಲ. ಮಂಡಪಂನಲ್ಲಿ ಲಂಕೆಗೆ ಹೋಗುವವರನ್ನು ತಪಾಸಣೆ ಮಾಡುವ ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕಣ್ಣು ನಾಲಗೆ ನೋಡಿದಾಗ, “ಎತ್ತು ಯಾಪಾರ ಮಾಡೋನಂಗೆ ಬಾಯಿ ಬಿಡಿಸ್ತಾನಲ್ಲೋ ಮಾದಪ್ಪ!” ಎಂದು ಅಜ್ಜಿ ಕೂಗಾಡಿದಳು, ಡಾಕ್ಟರು ಏನೆಂದು ಕೇಳಿದ್ದಕ್ಕೆ, ‘ಷಿ ಈಸ್ ಥ್ಯಾಂಕಿಂಗ್ ಯೂ, ಸರ್’ ಎಂದು ಭಾಷಾಂತರಿಸಿ ನನ್ನ ಉದ್ಯೋಗವನ್ನು ನಿರ್ವಹಿಸಿದೆ. ಅಷ್ಟರವರೆಗೆ ಎಲ್ಲವೂ ನಗೆಯೇ.

ಧನುಷ್ಕೋಟಿಯಲ್ಲಿ ನಗು ನಿಂತಿತು. ಎರಡೂ ಕಡೆ ನೀರು, ನಡುವೆ ಮರಳಿನ ಒಂದು ಎಳೆ, ಎಳೆಯ ತುದಿಗೆ ಹಡಗು. ನಾವೆಲ್ಲ ಹೊಳೆ ಕಂಡವರು; ಹೊಳೆಗೆ ಆಚೆ ದಡವೊಂದಿರುತ್ತದೆ. ಇಲ್ಲಿ ಆಚೆ ಎಂಬುದೇ ಇರಲಿಲ್ಲ. ಕಟ್ಟೆಯಿಂದ ಹಡಗಿಗೆ ಹಾಕಿದ್ದ ಹಲಗೆಯ ಸಂದಿಯಲ್ಲಿ ಹಸುರು ನೀರು ಏಳುತ್ತ ಬೀಳುತ್ತ ಕಾಣುತ್ತಿತ್ತು. ಅಜ್ಜಿ ಅದನ್ನೊಮ್ಮೆ ಬಗ್ಗಿ ನೋಡಿ, ತನ್ನ ಗಂಟಿನ ಮೇಲೆ ಕೂತುಬಿಟ್ಟಳು.

“ನಾ ಬರಾಕಿಲ್ಲ.”

“ಅವ್ವಾರೆ, ಇಂಗಂದ್ರೆ ಎಂಗೆ? ಎಲ್ರೂ ಆಗ್ಲೇ ಮ್ಯಾಕೆ ಅತ್ತವ್ರೆ,” ಎಂದರು ಮಾದಪ್ಪನವರು.

“ಅತ್ಲಿ. ಆ ನೆಲದಲ್ಲಿ ನನ್ ಜೀವ ಓದ್ರೆ ಯಾರಪ್ಪಾ ನನ್ನೋರು? ಪರದೇಶಿ ಎಣ ಆಗೋಗ್ತೀನಿ. ಮನೆ ಯಜಮಾನ್ತಿ ನಾನು. ನೀವೋಗಿ ಬನ್ನಿ, ನಂಜಿ ನನ್ಜೊತೆ ರಾಮೇಶ್ವರದ ಛತ್ರದಾಗೆ ಇರ್ತಾಳೆ.”

ಯಾರೂ ಇದನ್ನು ಅನ್ಯಾಯವೆಂದು ಭಾವಿಸಲಿಲ್ಲ. ಒಬ್ಬ ಹೆಂಗಸು ಉಳಿಯಬೇಕಾದರೆ ನಂಜತ್ತೆ ಉಳಿಯುವುದು ನೀರು ತಗ್ಗಿಗೆ ಹರಿಯುವಷ್ಟು ಸಹಜವಾಗಿತ್ತು. ಮಾದಪ್ಪನವರು ಕೂಡ ನಿಟ್ಟುಸಿರು ಬಿಟ್ಟು, ಸಮಸ್ಯೆ ಬಗೆಹರಿದವರಂತೆ ಆಕೆಯ ಗಂಟನ್ನು ಬೇರೆ ತೆಗೆದಿಡಲು ಬಗ್ಗಿದರು. ನಾನು ನಂಜತ್ತೆಯ ಮುಖ ನೋಡಿದೆ. ಅಟ್ಲಾಸಿನ ಮೇಲೆ ಬೆರಳಿಟ್ಟಾಗ ಇದ್ದ ಬೆಳಕು ಅಲ್ಲಿರಲಿಲ್ಲ.

ಆಕೆ ಮಾದಪ್ಪನವರ ಕೈಯಿಂದ ತನ್ನ ಗಂಟನ್ನು ಮೆಲ್ಲನೆ ಬಿಡಿಸಿಕೊಂಡಳು. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ದೊಡ್ಡವ್ವ, ಪರದೇಶಿ ಆಗಾದು ಅಷ್ಟೊಂದು ಎದರ್ಕೊಳೋ ಅಂಥದ್ದಲ್ಲ ಕಣವ್ವ. ನಂಗೆ ಅಭ್ಯಾಸ ಅದೆ, ಯೋಳ್ತೀನಿ ಕೇಳು. ಮೊದಮೊದ್ಲು ಕಷ್ಟವೇಯ. ಎಲ್ಲಿ ಕುಂತ್ಕಬೇಕು, ಯಾರ್ನ ಏನಂತ ಕರೀಬೇಕು, ಒಂದೂ ತಿಳ್ಯಾಕಿಲ್ಲ. ಎಲ್ರೂ ನಮ್ಮನ್ನೇ ನೋಡ್ತಾವ್ರೆ ಅನ್ಸತ್ತೆ. ಆಮ್ಯಾಕೆ ಯಾರಾರ ಒಬ್ರು ಅತ್ರ ಬಂದು ‘ಉಂಡ್ಯಾ?’ ಅಂತಾರೆ. ಅಲ್ಗೆ ಮುಗೀತು.”

ಅಜ್ಜಿ ತಲೆಯೆತ್ತಲಿಲ್ಲ.

“ಅವತ್ತು ನಿನ್ ಒಸ್ಲಲ್ಲಿ ನಾ ನಿಂತಿದ್ದಾಗ ನೀನೇ ಕೇಳ್ದೆ, ನೆಪ್ಪದಾ? ಅದ್ಕೇ ಇಷ್ಟ್ ವರ್ಸ ಬದುಕಿವ್ನಿ.” ಅದೇ ಮೆತ್ತನೆಯ ದನಿಯಲ್ಲಿ ಹೇಳಿದಳು: “ಆದ್ರೆ ದೊಡ್ಡವ್ವ, ನೀ ಬಂದ್ರೂ ನಾ ಓಗ್ತೀನಿ. ಬರ್ದಿದ್ರೂ ಓಗ್ತೀನಿ.”

ಎದ್ದಳು. ಗಂಟನ್ನು ಕಂಕುಳಿಗೇರಿಸಿ, ಸೀರೆಯ ನಿರಿಗೆಯನ್ನು ಗದ್ದೆ ದಾಟುವವಳಂತೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಹಲಗೆಯ ಮೇಲೆ ಕಾಲಿಟ್ಟಳು. ಹಲಗೆ ತೂಗಿತು, ಆಕೆ ನಿಂತು, ಅದರ ತೂಗಾಟವನ್ನು ಕಾಲಿನಿಂದಲೇ ಅರ್ಥ ಮಾಡಿಕೊಂಡು, ನಡೆದಳು. ತಿರುಗಿ ನೋಡಲಿಲ್ಲ.

ಅಜ್ಜಿಯ ಎದೆಯೊಳಗೆ ಏನೇನು ಮಗುಚಿತೋ ನಾನರಿಯೆ. ಇಷ್ಟು ಬಲ್ಲೆ: ಇಡೀ ಮನೆಯನ್ನು ಕಣ್ಸನ್ನೆಯಲ್ಲಿ ಆಳಿದ ಆಕೆಗೆ, ತನ್ನನ್ನು ಬಿಟ್ಟು ಹೋಗುತ್ತಿರುವ ಒಬ್ಬರ ಬೆನ್ನು ಕಂಡದ್ದು ಅದೇ ಮೊದಲು.

“ಲೇ ನಂಜೀ! ನಿಂತ್ಕಳೇ! ನನ್ ಕೈ ಇಡ್ಕಳೇ, ನಿನ್ ದಮ್ಮಯ್ಯ!”

ನಂಜತ್ತೆ ಹಲಗೆಯ ನಡುವಿನಿಂದ ಹಿಂದಕ್ಕೆ ಬಂದು ಕೈ ಚಾಚಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡು, “ಸಿವಾ ಸಿವಾ” ಎನ್ನುತ್ತ, ಆ ಕೈಗೆ ಜೋತುಬಿದ್ದು ಸಮುದ್ರ ಹತ್ತಿದಳು. ಮಾದಪ್ಪನವರು ಹಣೆಯ ಬೆವರೊರೆಸಿಕೊಂಡು, “ಈಯಮ್ಮನ್ನ ಮೊದ್ಲೇ ಮುಂದೆ ಬುಟ್ಟಿದ್ರೆ ಆಗೋಗ್ತಿತ್ತು,” ಎಂದು ಈರಣ್ಣನಿಗೆ ಹೇಳಿದ್ದು ನನಗೆ ಕೇಳಿಸಿತು.

ಅಂಜುಬುರುಕರಿಗೆ ಯಾವ ಟೂರು ಒಳ್ಳೆಯದೆಂದು ಕೇಳುವವರಿಗೆ ನಾನು ಇಂದಿಗೂ ಆತ್ಮವಿಶ್ವಾಸದಿಂದಲೇ ಉತ್ತರ ಕೊಡುತ್ತೇನೆ. ದರವನ್ನು ನೋಡಿ, ಊಟವನ್ನೂ ವಿಚಾರಿಸಿ, ತಪ್ಪಿಲ್ಲ. ಆದರೆ ತಂಡದಲ್ಲಿ ಅಪರಿಚಿತವಾದ ಹೊಸಲಿನಲ್ಲಿ ಒಮ್ಮೆಯಾದರೂ ಒಂಟಿಯಾಗಿ ನಿಂತವರು ಒಬ್ಬರಿದ್ದಾರೆಯೇ ನೋಡಿಕೊಳ್ಳಿ. ಇದ್ದರೆ ಅವರ ಪಕ್ಕದ ಸೀಟು ಹಿಡಿಯಿರಿ. ಲೋಕ ಸುತ್ತಿದವರೆಲ್ಲ ಧೈರ್ಯಶಾಲಿಗಳಲ್ಲ. ತಮ್ಮದಲ್ಲದ ಜಾಗದಲ್ಲಿ ಕೂರುವುದನ್ನು ಕಲಿತವರಿಗೆ ಯಾವ ರೇವೂ ಅಷ್ಟೊಂದು ಹೊಸದಲ್ಲ.

ತಲೈಮನ್ನಾರಿನಲ್ಲಿ ಇಳಿದು, ಕೊಲಂಬೋ ರೈಲಿಗಾಗಿ ಕಾಯುತ್ತಿದ್ದೆವು. ಅಜ್ಜಿ ಗುಂಪಿನ ನಡುವೆ ಮುದುಡಿ ಕೂತಿದ್ದಳು. ಬಾಳೆಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ಆಕೆಯ ಬಾಡಿದ ಮುಖ ನೋಡಿ ಕೇಳಿದಳು: “ಸಾಪ್ಟಿಯಾ ಅಮ್ಮಾ?”

ಅಜ್ಜಿ ನನ್ನ ಕಡೆ ನೋಡಿದಳು. ನನ್ನ ಇಂಗ್ಲಿಷು ಅಲ್ಲಿ ಮೂಕ. ತಮಿಳಿನ ಗಂಧವೂ ಇಲ್ಲದ ನಂಜತ್ತೆ, ‘ಉಂಡ್ಯಾ?’ ಎಂದೇ ಕೇಳಿಸಿಕೊಂಡವಳಂತೆ ನಕ್ಕು, “ಇನ್ನೂ ಇಲ್ಲ ಕಣವ್ವ, ಕೊಡು,” ಎಂದು ಸೆರಗೊಡ್ಡಿದಳು.

ಊರಿಗೆ ಮರಳಿದ ಮೇಲೆ ಕೇರಿಯ ಹೆಂಗಸರೆಲ್ಲ ನಮ್ಮ ಜಗಲಿಯ ತುಂಬ ಬಂದು ಕೂತರು. ಅವರಲ್ಲೊಬ್ಬಳು, ಅಜ್ಜಿಯ ಔದಾರ್ಯವನ್ನು ಹೊಗಳುವ ದನಿಯಲ್ಲಿ, “ಪಾಪ, ನಂಜೀನೂ ಲಂಕೆಗೆ ಕರ್ಕೊಂಡೋಗಿದ್ರಂತಲ್ಲ ಅವ್ವಾರೆ!” ಎಂದಳು. ಕಾನ್ವೆಂಟಿನ ಸಿಸ್ಟರು ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡುವ ಪಾಠವನ್ನು ನಮಗೆ ವರ್ಷವಿಡೀ ಹೇಳಿಕೊಟ್ಟಿದ್ದರು; ಅಕ್ಷರ ಬಾರದ ನನ್ನ ಅಜ್ಜಿ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಿದಳು.

“ನಾನೆಲ್ಲಿ ಕರ್ಕೊಂಡೋದೆ? ನಂಜವ್ವ ನನ್ನ ಕರ್ಕೊಂಡೋಗಿದ್ಲು.”