ನಾಳೆ ಅರಳುವ ಮೊಗ್ಗು

ಹತ್ತಿ ಗಿಡದಲ್ಲಿ ಮೊಗ್ಗು ಯಾವುದು, ಹೂವು ಯಾವುದು ಎಂದು ಯಾರು ಬೇಕಾದರೂ ಹೇಳುತ್ತಾರೆ. ಫಜೀತಿ ಇರುವುದು ಮೊಗ್ಗು ಮೊಗ್ಗಿನ ನಡುವೆ. ಹಸಿರು ಹೊದಿಕೆಯೊಳಗೆ ಮುದುಡಿ ಕೂತದ್ದು ಇನ್ನೂ ಕೂಸು. ತುದಿಯಲ್ಲಿ ತಿಳಿಹಳದಿ ಹೊರಗಿಣುಕಿದ್ದರೆ ಅದು ನಾಳೆ ಬೆಳಗ್ಗೆ ಅರಳುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಹುನಗುಂದ ಮತ್ತು ಇಳಕಲ್ಲಿನ ನಡುವಿನ ಒಂದು ಬೀಜದ ಹೊಲಕ್ಕೆ ಅವ್ವ ಮತ್ತು ನಾನು ಅಂಥ ಮೊಗ್ಗು ಹುಡುಕುವ ಕೂಲಿಗೆ ಹೋಗುತ್ತಿದ್ದೆವು.

ಸಂಜೆ ಆ ಮೊಗ್ಗನ್ನು ಉಗುರಿನಿಂದ ಸೀಳಿ, ಒಳಗಿನ ಗಂಡು ಭಾಗ ಸುಲಿದು ತೆಗೆದು, ಉಳಿದ ಹೆಣ್ಣುಕಡ್ಡಿಗೆ ಕೆಂಪು ಕಾಗದದ ಟೋಪಿ ಹಾಕಬೇಕು. ಮರುದಿನ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಸವರಬೇಕು. ಇದಕ್ಕೆ ನಾವೆಲ್ಲ ಕ್ರಾಸಿಂಗ್ ಎನ್ನುತ್ತಿದ್ದೆವು. ಕಣ್ತಪ್ಪಿ ಉಳಿದ ಮೊಗ್ಗು ಬೆಳಗ್ಗೆ ತಾನೇ ಅರಳಿ, ತನ್ನದೇ ಪುಡಿ ಮೆತ್ತಿಕೊಂಡು ನಿಲ್ಲುತ್ತದೆ. ಅದರ ಬೀಜ ಯಾವ ಕೆಲಸಕ್ಕೂ ಬಾರದು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ಯಾರ ಸಾಲಿನಲ್ಲಿ ಹೂ ಕಂಡಿತೋ ಅವರಿಗೆ ಹೊಲದೊಡತಿಯಿಂದ ಮಂಗಳಾರತಿ.

ಅವ್ವನ ಕಣ್ಣು ಮಂಜಾಗಿತ್ತು. ಇಳಕಲ್ಲಿನಲ್ಲಿ ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವಳು, ಕಡಿದ ಎಳೆಯ ತುದಿ ಸಿಗದೆ ಆ ಕೆಲಸ ಕಳೆದುಕೊಂಡಿದ್ದಳು. ಆಮೇಲೆ ತಿಂಗಳುಗಟ್ಟಲೆ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ಅಪ್ಪ ಇರಲಿಲ್ಲ; ಅವಳಿಗೆ ಇದ್ದವಳು ನಾನೊಬ್ಬಳೇ. ಕ್ರಾಸಿಂಗ್ ಕೆಲಸ ಸಿಕ್ಕ ಮೇಲೆ ತಲೆ ಬಾಚಿಕೊಂಡು ಮತ್ತೆ ಮನುಷ್ಯಳಾದಳು. ಇದೂ ಹೋದರೆ ಅವ್ವ ಉಳಿಯುವುದಿಲ್ಲ ಎಂಬ ಹೆದರಿಕೆಯಲ್ಲೇ ನಾನು ದಿನ ದೂಡುತ್ತಿದ್ದೆ.

“ಬಾಗಲಕೋಟಿ ದವಾಖಾನಿಗೆ ಹೋಗಿ ಕಣ್ಣ ತೋರಿಸ್ಕೊಂಡು ಬರೂಣು ಬಾರಬೇ,” ಎಂದರೆ ಉರಿದು ಬೀಳುತ್ತಿದ್ದಳು. “ನನ್ನ ಕಣ್ಣಿಗೇನಾಗೇತಿ? ಹೊತ್ತ ಮುಣಿಗಿದ ಮ್ಯಾಲೆ ಯಾರಿಗರೆ ಕಾಣ್ತೈತಿ? ನನ್ನ ಸಾಲಿನ್ಯಾಗ ಒಂದರೆ ಹೂ ಅರಳೇತೇನು, ತೋರ್ಸು!”

ತೋರಿಸುವುದೇನು ಬಂತು! ನಸುಕಿನಲ್ಲೇ ಬಯಲಕಡೆಯ ನೆಪ ಮಾಡಿ ಎಲ್ಲರಿಗಿಂತ ಮೊದಲು ಹೊಲಕ್ಕೆ ಓಡಿ, ಅವಳ ಸಾಲಿನಲ್ಲಿ ಬಿರಿಯುತ್ತಿದ್ದ ಹೂಗಳನ್ನು ಉಡಿಯಲ್ಲಿ ತುಂಬಿ ಹಳ್ಳಕ್ಕೆ ಚೆಲ್ಲುತ್ತಿದ್ದವಳು ನಾನು. ಸಂಜೆಯೂ ನನ್ನ ಸಾಲು ಬಿಟ್ಟು ಅವಳ ಬೆನ್ನ ಹಿಂದೆ ಸುಳಿಯುತ್ತ, ಅವಳು ಬಿಟ್ಟ ಮೊಗ್ಗುಗಳಿಗೆ ಟೋಪಿ ಹಾಕುತ್ತಿದ್ದೆ. ದಿನ ಹೋದಂತೆ ಅವಳು ಬಿಡುವ ಮೊಗ್ಗು ಹೆಚ್ಚಾದವು. ದೇವರೇ, ಒಂದು ದಿನವಾದರೂ ಈ ಗಿಡಗಳು ಮೊಗ್ಗು ಬಿಡದಿರಲಿ ಎಂದು ಬೇಡಿಕೊಂಡೆ. ಹತ್ತಿಗೇನು ಗೊತ್ತು ನನ್ನ ಪಾಡು, ಅದು ಬಿಡುತ್ತಲೇ ಇತ್ತು.

ಒಂದು ಬೆಳಗ್ಗೆ ಒಡತಿ ಬೇಗ ಬಂದಳು. ಅವ್ವನ ಸಾಲು ಆಗಲೇ ಚೊಕ್ಕವಾಗಿತ್ತು. ನನ್ನ ಸಾಲಿನ ತುಂಬ ಹೂವು, ಹೂವಿನ ಮೇಲೆ ಜೇನು. ಹಿಂದಿನ ಸಂಜೆ ಅಲ್ಲಿಗೆ ಕೈ ಇಡಲೂ ನನಗೆ ಹೊತ್ತು ಸಿಕ್ಕಿರಲಿಲ್ಲ.

“ಕೂಲಿಗೆ ಬಂದೀಯೋ, ಹೂವಿನ ತೋಟ ಮಾಡಾಕ ಬಂದೀಯೋ? ನಾಳಿಂದ ನೀ ಬರಬ್ಯಾಡ. ನಿನ್ನ ಸಾಲೂ ನಿಮ್ಮವ್ವಗ ಕೊಡ್ತೇನಿ.”

ನಾನು ಅವಳ ಕಾಲು ಹಿಡಿದೆ. “ಕೂಲಿ ಬ್ಯಾಡ್ರಿ ಅಕ್ಕಾರ, ಪುಕ್ಕಟ ಬರ್ತೇನಿ. ಅವ್ವನ ಬಾಜೂಕ ಇರ್ತೇನ್ರಿ, ಅಷ್ಟ.” ನಿಜ ಸಂಗತಿ ಬಾಯಿಬಿಟ್ಟಿದ್ದರೆ ಅವ್ವನ ಕೆಲಸ ಹೋಗುತ್ತಿತ್ತು. ಒಡತಿ ಕಾಲು ಬಿಡಿಸಿಕೊಂಡು ನಡೆದಳು.

ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಅವ್ವ ಬೈದಳು. “ಇಷ್ಟ ಛಲೋ ಕಣ್ಣ ಇಟ್ಕೊಂಡು ಮೊಗ್ಗಿ ಯಾವ್ದು, ಹೂ ಯಾವ್ದು ತಿಳೀಲಿಲ್ಲೇನ ನಿನಗ? ಮಂದ್ಯಾಗ ನನ್ನ ಮಾನ ಕಳದಿ.”

ಮರುದಿನ ಅವಳ ಸಿಟ್ಟು ಇಳಿದಿತ್ತು. ಬುತ್ತಿ ಕಟ್ಟಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ನನ್ನ ತಲೆ ಸವರಿದಳು. “ಚಿಂತಿ ಮಾಡಬ್ಯಾಡ. ನಿನ್ನ ಸಾಲೂ ನಾನ ನೋಡ್ಕೊಂತೇನಿ,” ಎಂದಳು. ಅವಳು ಓಣಿ ದಾಟುವವರೆಗೆ ನಿಂತಿದ್ದು, ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.