ರೀಫಂಡ್ ಮೇಸ್ತ್ರಿ

ಗ್ಯಾರೇಜಿನ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ರೀಫಂಡ್ ಮೇಸ್ತ್ರಿ. ಹೆಂಡತಿಗೆಂದು ಆನ್‌ಲೈನಿನಲ್ಲಿ ತರಿಸಿದ ಕಂಪನಿ ವಾಚು ನಕಲಿಯೆಂದು ಗೊತ್ತಾದಾಗಿನಿಂದ, ದಿನಾ ನಾಲ್ಕಕ್ಕೆ ಕೈಯ ಗ್ರೀಸ್ ಒರೆಸಿಕೊಂಡು ಕುಸ್ತಿಗೆ ನಿಂತವನಂತೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚುತ್ತಾನೆ. "ನಿಮ್ಮ ಕರೆ ನಮಗೆ ಅಮೂಲ್ಯ" ಎನ್ನುವ ಮೆಷಿನ್ನಿಗೂ, "ಅಮೂಲ್ಯ ಆದ್ರೆ ಎತ್ರೀ ಮತ್ತೆ!" ಎಂದು ಗದರುತ್ತಾನೆ. ಆ ಅಬ್ಬರಕ್ಕೆ ಬಿಚ್ಚಿಟ್ಟ ಇಂಜಿನ್ನೂ ಸ್ಟಾರ್ಟಾಗಬೇಕು. ನಿನ್ನೆ ಕೊನೆಗೂ ಅಲ್ಲಿಯ ಹುಡುಗಿ ಸೋತು, "ದುಡ್ಡು ವಾಪಸ್ ಕೊಡ್ತೀವಿ ಸರ್, ವಾಚು ಒಯ್ಯೋಕೆ ನಾಳೆ ಬರ್ತಾರೆ" ಎಂದಳು. ಗೆದ್ದ ಮೇಸ್ತ್ರಿ ಕರೆ ಕಟ್ ಮಾಡದೆ ಫೋನ್ ಹಿಡಿದೇ ಮನೆಗೆ ನುಗ್ಗಿದ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಗಂಡ ಕೊಟ್ಟ ಮೊದಲ ಉಡುಗೊರೆಯನ್ನು ಪಾತ್ರೆ ತೊಳೆಯುವಾಗಲೂ ಬಿಚ್ಚದ ಹೆಂಡತಿ ಹೆಮ್ಮೆಯಿಂದ ಕೈ ಎತ್ತಿ ನೋಡಿ, "ಈಗಿನ್ನೂ ಮೂರು ಗಂಟೆ, ಆಗ್ಲೇ ಬಂದ್ರಾ?" ಎಂದಳು. ಹೊರಗೆ ಐದಾಗಿತ್ತು. "ನಾಳೆ ಬೇಡಮ್ಮಾ, ನಾವು ಊರಲ್ಲಿರಲ್ಲ" ಎಂದು ಫೋನಿಗೆ ಪಿಸುಗುಟ್ಟಿದ. ಇವತ್ತು ನಾಲ್ಕಕ್ಕೆ ಮತ್ತೆ ಗ್ಯಾರೇಜು ನಡುಗಿತು: "ಏನಮ್ಮಾ, ನಕಲಿ ವಾಚು ಮಾರ್ತೀರಾ?"